ಯೀಸ್ಟ್ ಕೋಶಭಿತ್ತಿಗೆ ಪ್ರೋಟೀನ್ ಹೇಗೆ ಅಂಟಿದೆ ಎಂದು ಪತ್ತೆ ಮಾಡುವ ಬಗೆ

ಸ್ಯಾಕರೊಮೈಸಿಸ್ ಸೆರೆವಿಸಿಯೆ ಯೀಸ್ಟಿನ ಕೋಶಭಿತ್ತಿಯಲ್ಲಿ ಒಳಗಡೆ ಬೀಟಾ-1,3-ಗ್ಲುಕನ್ (ಗ್ಲುಕೋಸ್ ಸರಪಳಿ) ಎಳೆಗಳ ಜಾಲವಿದ್ದು, ಅದರ ಹೊರಗೆ ಮ್ಯಾನೋಪ್ರೋಟೀನ್‌ಗಳ (ಮ್ಯಾನೋಸ್ ಸಕ್ಕರೆ ಸೇರಿದ ಪ್ರೋಟೀನ್‌ಗಳ) ಹೊದಿಕೆ ಇರುತ್ತದೆ. ಈ ಪ್ರೋಟೀನ್‌ಗಳಲ್ಲಿ ಕೆಲವು ಡೈಸಲ್ಫೈಡ್ ಬಂಧದಿಂದಷ್ಟೇ (ಎರಡು ಗಂಧಕ ಪರಮಾಣುಗಳ ನಡುವಿನ ಬಂಧ) ನಿಂತಿರುತ್ತವೆ. ಪಿರ್ (ಒಳಗೆ ಪುನರಾವರ್ತಿತ ಭಾಗಗಳಿರುವ ಪ್ರೋಟೀನ್‌ಗಳ) ಗುಂಪಿನವು ಕ್ಷಾರದಲ್ಲಿ ಕಡಿಯುವ ಬಂಧದಿಂದ ಬೀಟಾ-1,3-ಗ್ಲುಕನ್‌ಗೆ ನೇರವಾಗಿ ಸೇರಿರುತ್ತವೆ. ಜಿಪಿಐ (ಮೊದಲು ಕೊಬ್ಬಿನ ಲಂಗರಿನೊಂದಿಗೆ ತಯಾರಾಗುವ ಪ್ರೋಟೀನ್‌ಗಳ) ಗುಂಪಿನವು ಬೀಟಾ-1,6-ಗ್ಲುಕನ್ನಿನ ಮೂಲಕ ಜಾಲಕ್ಕೆ ಕೂಡಿಕೊಂಡಿರುತ್ತವೆ. ನಿಮ್ಮ ಪ್ರೋಟೀನ್ ಯಾವ ಹಂತದಲ್ಲಿ ಬಿಡಿಸಿಕೊಂಡು ಬರುತ್ತದೆ ಎಂಬುದರಿಂದಲೇ ಅದು ಯಾವ ಗುಂಪಿನದು ಎಂದು ಊಹಿಸಬೇಕಾದ್ದರಿಂದ, ಹಂತಗಳ ಕ್ರಮವನ್ನು ತಪ್ಪಿಸಬಾರದು.

ಕೋಶಗಳನ್ನು ಬೆಳವಣಿಗೆ ಭರದಲ್ಲಿರುವಾಗಲೇ ಸಂಗ್ರಹಿಸಿ. ಬೆಳವಣಿಗೆ ನಿಂತ ಕೋಶಗಳ ಭಿತ್ತಿ, ಗ್ಲುಕನ್ ಕತ್ತರಿಸುವ ಗ್ಲುಕನೇಸ್ ಕಿಣ್ವಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ತಣ್ಣನೆಯ ಬಫರಿಗೆ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆಯುವ ಪಿಎಂಎಸ್ಎಫ್ ಎಂಬ ರಾಸಾಯನಿಕ ಸೇರಿಸಿ, ಗಾಜಿನ ಮಣಿಗಳೊಂದಿಗೆ ಕುಲುಕಿ ಕೋಶಗಳನ್ನು ಒಡೆಯಿರಿ. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊಳೆಯುವ ಇಡೀ ಕೋಶಗಳ ಬದಲು ಮಸುಕಾದ ಖಾಲಿ ಚಿಪ್ಪುಗಳೇ ಹೆಚ್ಚಾಗಿ ಕಾಣಬೇಕು. ಇಲ್ಲದಿದ್ದರೆ ಇನ್ನಷ್ಟು ಕುಲುಕಿ.

ಕಡಿಮೆ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ ಸಿಕ್ಕ ಭಿತ್ತಿಯನ್ನು 1 ಮೋಲಾರ್ ಉಪ್ಪಿನ ದ್ರಾವಣದಲ್ಲಿ ಹಲವು ಸಲ ತೊಳೆಯಿರಿ. ಅನೇಕರು ಇಲ್ಲೇ ಅವಸರ ಮಾಡುತ್ತಾರೆ, ಆಮೇಲೆ ಕೋಶದ ಒಳಗಿನ ಪ್ರೋಟೀನನ್ನೇ ಭಿತ್ತಿಯದೆಂದು ನಂಬಿಬಿಡುತ್ತಾರೆ. ಒಳಗಿನದೊಂದು ಕಿಣ್ವವನ್ನು ಪ್ರತಿಕಾಯದಿಂದ ಹುಡುಕಿ, ಅದು ಕಾಣದಷ್ಟು ತೊಳೆದಿರುವುದನ್ನು ಖಚಿತಪಡಿಸಿಕೊಳ್ಳಿ.

ಬಳಿಕ ಎಸ್‌ಡಿಎಸ್ (ಒಂದು ಮಾರ್ಜಕ) ಮತ್ತು ಬೀಟಾ-ಮರ್ಕ್ಯಾಪ್ಟೊಎಥನಾಲ್ (ಡೈಸಲ್ಫೈಡ್ ಬಂಧ ಕಡಿಯುವ ರಾಸಾಯನಿಕ) ಇರುವ ಬಫರಿನಲ್ಲಿ ಕುದಿಸಿದರೆ, ಸಡಿಲವಾಗಿ ಅಂಟಿದವುಗಳೂ ಡೈಸಲ್ಫೈಡಿನಿಂದ ನಿಂತವುಗಳೂ ಹೊರಬರುತ್ತವೆ. ಉದಾಹರಣೆಗೆ, ಆಗಾ1 ಎಂಬ ಭಿತ್ತಿಯ ಪ್ರೋಟೀನಿಗೆ ಎರಡು ಡೈಸಲ್ಫೈಡ್ ಬಂಧಗಳಿಂದ ಸೇರಿರುವ ಆಗಾ2 ಈ ದ್ರವದಲ್ಲಿ ಸಿಗುತ್ತದೆ. ಉಳಿದ ಭಿತ್ತಿಯನ್ನು ನೀರಿನಲ್ಲಿ ತೊಳೆದು, 30 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡೀ ರಾತ್ರಿ ಇಟ್ಟರೆ ಪಿರ್ ಪ್ರೋಟೀನ್‌ಗಳು ಬಿಡುಗಡೆಯಾಗುತ್ತವೆ. ಕೊನೆಗೆ ಬೀಟಾ-1,3-ಗ್ಲುಕನೇಸ್ ಹಾಕಿ, ಜಿಪಿಐ ಗುಂಪಿನವು ಹೊರಬರುತ್ತವೆ. ಕ್ಷಾರದ ಹಂತವನ್ನು ಬಿಟ್ಟು ನೇರವಾಗಿ ಇಲ್ಲಿಗೆ ಬಂದರೆ ಪಿರ್ ಮತ್ತು ಜಿಪಿಐ ಗುಂಪುಗಳೆರಡೂ ಒಟ್ಟಿಗೆ ಬಂದು ಉತ್ತರ ಕಲಸಿಹೋಗುತ್ತದೆ. ಈ ಗ್ಲುಕನೇಸ್ ಇರುವ, ಮಾರಾಟಕ್ಕಿರುವ ಜೈಮೋಲಿಯೇಸ್ ಎಂಬ ಕಿಣ್ವ ಮಿಶ್ರಣದಲ್ಲಿ ಪ್ರೋಟಿಯೇಸ್ ಬೆರೆತಿರುವುದರಿಂದ ಈ ಹಂತದಲ್ಲೂ ಪಿಎಂಎಸ್ಎಫ್ ಹಾಕುವುದು ಒಳ್ಳೆಯದು.

ವೆಸ್ಟರ್ನ್ ಬ್ಲಾಟಿನಲ್ಲಿ (ಜೆಲ್ಲಿನಲ್ಲಿ ಬೇರ್ಪಡಿಸಿದ ಪ್ರೋಟೀನನ್ನು ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಜಿಪಿಐ ಪ್ರೋಟೀನ್ ಚೊಕ್ಕ ಪಟ್ಟಿಯಾಗಿ ಕಾಣದೆ, ನಿರೀಕ್ಷಿಸಿದ ತೂಕಕ್ಕಿಂತ ಬಹಳ ಮೇಲೆ ಉದ್ದನೆಯ ಮಸಿಯಂತೆ ಹರಡಿದರೆ ಗಾಬರಿಯಾಗಬೇಡಿ. ಮ್ಯಾನೋಸ್ ಸರಪಳಿಗಳೂ ಕತ್ತರಿಸಿ ಉಳಿದ ಗ್ಲುಕನ್ ತುಣುಕುಗಳೂ ಅದರ ಜೊತೆಯಲ್ಲೇ ಜೆಲ್ಲಿನಲ್ಲಿ ಸಾಗುತ್ತವೆ.