ಬಡಾವಣೆಯ ಹಾಲ್‌ನಲ್ಲಿ ಆಫ್ರಿಕಾದ ಸಿನಿಮಾ: ಐದು ಭಾನುವಾರಗಳ ಕ್ರಮ

ಬನಶಂಕರಿಯಲ್ಲೋ ಮಲ್ಲೇಶ್ವರದಲ್ಲೋ ನಲವತ್ತು ಕುರ್ಚಿ ಹಿಡಿಸುವ ಹಾಲ್, ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಇದ್ದರೆ ಈ ಸರಣಿ ನಡೆಸಬಹುದು. ಮೊದಲ ವಾರ ಯಾವ ಚಿತ್ರ ಹಾಕುತ್ತೀರಿ ಎನ್ನುವುದರ ಮೇಲೆ ಉಳಿದ ನಾಲ್ಕು ವಾರ ನಿಂತಿರುತ್ತದೆ.

ಶುರು ಮಾಡಬೇಕಾದ್ದು ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಅವರ ‘ಮಂಡಾಬಿ’ಯಿಂದ (1968, ಸುಮಾರು 90 ನಿಮಿಷ). ಪ್ಯಾರಿಸ್‌ನಲ್ಲಿರುವ ಹುಡುಗನೊಬ್ಬ ಸೆನೆಗಲ್‌ನ ರಾಜಧಾನಿ ಡಕಾರ್‌ನ ಬಂಧುವಿಗೆ ಮನಿಯಾರ್ಡರ್ ಕಳಿಸುತ್ತಾನೆ. ಅದನ್ನು ಬಿಡಿಸಿಕೊಳ್ಳಲು ಗುರುತಿನ ಚೀಟಿ ಬೇಕು, ಚೀಟಿಗೆ ಜನನ ಪತ್ರ ಬೇಕು, ಜೊತೆಗೆ ಫೋಟೊ, ಸ್ಟಾಂಪು. ಕಚೇರಿಯ ಕೌಂಟರುಗಳ ಮುಂದೆ ಸಾಲಲ್ಲಿ ನಿಂತು ಬಂದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಚಿತ್ರಕ್ಕೆ ಮುಂಚೆ ಭಾಷೆಯ ಸಂಗತಿ ಮಾತ್ರ ತಪ್ಪದೆ ಹೇಳಿ. ಸೆಂಬೆನ್ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಕೂಲಿ ಮಾಡಿದವರು, ಫ್ರೆಂಚ್‌ನಲ್ಲಿ ಕಾದಂಬರಿ ಬರೆದವರು. ತಮ್ಮ ಜನ ಆ ಪುಸ್ತಕ ಓದಲಾರರು ಎಂದು ಅರಿತು ನಲವತ್ತರ ಹತ್ತಿರ ಬಂದಾಗ ಮಾಸ್ಕೋಗೆ ಹೋಗಿ ಸಿನಿಮಾ ಕಲಿತರು. ‘ಮಂಡಾಬಿ’ ಆ ಜನರ ವೊಲೊಫ್ ನುಡಿಯಲ್ಲಿ ಮಾತಾಡುತ್ತದೆ. ಇದರ ಫ್ರೆಂಚ್ ಆವೃತ್ತಿಯೂ ಚಿತ್ರೀಕರಣವಾಗಿದೆ, ಕೈಗೆ ಬಂದದ್ದು ಯಾವುದೆಂದು ಮೊದಲೇ ಹಾಕಿ ಕೇಳಿ.

ಎರಡನೇ ವಾರ ಅವರದೇ ‘ಬೊರೊಮ್ ಸಾರೆ’ (1963, ಸುಮಾರು 20 ನಿಮಿಷ) ಮತ್ತು ‘ಲಾ ನ್ವಾರ್ ದ...’ (ಇಂಗ್ಲಿಷಿನಲ್ಲಿ ‘ಬ್ಲ್ಯಾಕ್ ಗರ್ಲ್’, 1966, ಸುಮಾರು ಒಂದು ಗಂಟೆ). ಎರಡನೆಯದರಲ್ಲಿ ಫ್ರಾನ್ಸಿಗೆ ಮನೆಗೆಲಸಕ್ಕೆ ಹೋದ ದಿಯುವಾನಾ ಆಗಿ ನಟಿಸಿದವರು ಎಂಬಿಸೀನ್ ತೆರೇಸ್ ದಿಯೊಪ್. ಆದರೆ ನಾವು ಕೇಳುವ ಫ್ರೆಂಚ್ ದನಿ ಟೊಟೊ ಬಿಸೆಂತ್ ಅವರದು. ಇದು ಗೊತ್ತಿದ್ದು ನೋಡಿದರೆ ಚಿತ್ರ ಇನ್ನಷ್ಟು ನಾಟುತ್ತದೆ. ಹೆಚ್ಚು ಎಡವಟ್ಟಾಗುವುದೂ ಇಲ್ಲೇ. ಪ್ರೊಜೆಕ್ಟರನ್ನು ‘ಡೈನಾಮಿಕ್’ ಮೋಡ್‌ನಲ್ಲಿ ಬಿಟ್ಟರೆ ಬಿಳಿ ಗೋಡೆ ನೀಲಿಗಟ್ಟುತ್ತದೆ, ದಿಯುವಾನಾಳ ಮುಖ ಬರೀ ಕಪ್ಪು ಆಕಾರವಾಗಿ ಉಳಿಯುತ್ತದೆ. ‘ಸಿನಿಮಾ’ ಮೋಡ್‌ಗೆ ಹಾಕಿ, ಕೂದಲು, ಕೆನ್ನೆ ಬೇರೆಬೇರೆಯಾಗಿ ಕಾಣುವವರೆಗೆ ಬ್ರೈಟ್‌ನೆಸ್ ಏರಿಸಿ. ಚೌಕಟ್ಟು ಹೆಚ್ಚುಕಡಿಮೆ 4:3. ಪರದೆ ತುಂಬಲೆಂದು ಅಗಲಕ್ಕೆ ಎಳೆಯಬೇಡಿ, ಎರಡು ಬದಿ ಕಪ್ಪು ಪಟ್ಟಿ ಇರಲಿ.

ಮೂರನೇ ವಾರ ಈಜಿಪ್ಟ್. ಯೂಸುಫ್ ಶಾಹೀನ್ ಅವರ ‘ಕೈರೋ ಸ್ಟೇಷನ್’ (1958, 77 ನಿಮಿಷ) ರೈಲು ನಿಲ್ದಾಣದಲ್ಲೇ ನಡೆಯುವ ಕಥೆ. ಪತ್ರಿಕೆ ಮಾರುವ ಕುಂಟ ಕಿನಾವಿಯಾಗಿ ನಟಿಸಿದ್ದು ನಿರ್ದೇಶಕರೇ. ತಂಪು ಪಾನೀಯ ಮಾರುವ ಹನೂಮಾ ಆಗಿ ಹಿಂದ್ ರುಸ್ತುಂ. ಮುಂದೆ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ನಟಿಸಿದ ಒಮರ್ ಷರೀಫ್‌ರನ್ನು 1954ರಲ್ಲಿ ತೆರೆಗೆ ತಂದವರೂ ಶಾಹೀನ್.

ನಾಲ್ಕಕ್ಕೆ ಮಾಲಿಯ ಸುಲೆಮಾನ್ ಸಿಸ್ಸೆ ಅವರ ‘ಯೀಲೆನ್’ (1987), ಬಂಬಾರಾ ನುಡಿಯದು, ಕಾನ್ ಉತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆದದ್ದು. ಪೋಸ್ಟರ್‌ನಲ್ಲಿ ಪ್ರತಿ ಚಿತ್ರದ ದೇಶ, ಭಾಷೆ ಬಿಡಿಬಿಡಿಯಾಗಿ ಬರೆಯಿರಿ. ‘ಆಫ್ರಿಕನ್ ಭಾಷೆ’ ಎಂದು ಬರೆದರೆ ‘ಏಷ್ಯಾದ ಭಾಷೆ’ ಎಂದು ಬರೆದ ಹಾಗೆ, ಯಾವ ಭಾಷೆಯೆಂದೇ ತಿಳಿಯದು.

ಅನುಮತಿಗೆ ಎರಡು ತಿಂಗಳು ಮುಂಚೆ ಓಡಾಡಿ. ಟಿಕೆಟ್ ಇಡದಿದ್ದರೂ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು, ಮನೆಯ ಒಟಿಟಿ ಖಾತೆ ನಡೆಯದು. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರಕ್ಕೆ ವಿನಾಯಿತಿಯೂ ಬೇಕು. ಪ್ಯಾರಿಸ್‌ನ ಸಿನೆಮಾಟೆಕ್ ಆಫ್ರಿಕ್ ವಾಣಿಜ್ಯೇತರ ಪ್ರದರ್ಶನಕ್ಕೆ ಚಿತ್ರ ಒದಗಿಸುತ್ತದೆ. ವಸಂತನಗರದ ಫ್ರೆಂಚ್ ಭಾಷೆ-ಸಂಸ್ಕೃತಿ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ವಿಚಾರಿಸಿ ನೋಡಿ.

ಕನ್ನಡ ಸಬ್‌ಟೈಟಲ್ ಮಾಡುವಿರಾದರೆ ಅದರ ಎಸ್‌ಆರ್‌ಟಿ ಫೈಲನ್ನು (ಸಾಲು, ಸಮಯ ಬರೆದಿಡುವ ಪಠ್ಯದ ಫೈಲು) ಕನ್ನಡ ಅಕ್ಷರ ಉಳಿಸಿಕೊಳ್ಳುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿ, ಇಲ್ಲದಿದ್ದರೆ ತೆರೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳೇ ಬರುತ್ತವೆ. ಎರಡು ಸಾಲು ಮೀರಬಾರದು. ಕೆಳಗೆ ಒತ್ತಕ್ಷರ ಕತ್ತರಿಸಿ ಹೋಗದಂತೆ ಸಾಲುಗಳನ್ನು ಮೇಲಕ್ಕೆ ಸರಿಸಿ. ಮಾತು ಮತ್ತು ಅಕ್ಷರದ ನಡುವಿನ ಅಂತರ ಚಿತ್ರದುದ್ದಕ್ಕೂ ಒಂದೇ ಇದ್ದರೆ ಚಿತ್ರ ಹಾಕುವ ವಿಎಲ್‌ಸಿ ತಂತ್ರಾಂಶದಲ್ಲಿ ಜಿ, ಎಚ್ ಕೀಲಿ ಒತ್ತಿ ಅಕ್ಷರವನ್ನು ಹಿಂದೆ ಮುಂದೆ ಸರಿಸಿದರೆ ಸಾಕು. ಹೋಗ್ತಾ ಹೋಗ್ತಾ ಬೆಳೆಯುತ್ತಿದ್ದರೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚೌಕಟ್ಟು ಓಡುತ್ತದೆ ಎನ್ನುವ ಲೆಕ್ಕ) ತಪ್ಪಿದೆ: 24ಕ್ಕೆ ಮಾಡಿದ ಸಬ್‌ಟೈಟಲ್ 25ರ ಪ್ರತಿಯಲ್ಲಿ ಹತ್ತೇ ನಿಮಿಷಕ್ಕೆ ಸುಮಾರು 25 ಸೆಕೆಂಡ್ ಹಿಂದೆ ಬೀಳುತ್ತದೆ. ಅದನ್ನು ಸಬ್‌ಟೈಟಲ್ ಎಡಿಟ್‌ನಂಥ ತಂತ್ರಾಂಶದಲ್ಲೇ ಬದಲಿಸಬೇಕು.

ಕೊನೆಯ ವಾರಕ್ಕೆ ಮತ್ತೆ ಸೆನೆಗಲ್, ಜಿಬ್ರಿಲ್ ದಿಯೊಪ್ ಮಂಬೆಟಿ ಅವರ ‘ಟೂಕಿ ಬೂಕಿ’ (1973). ಬೈಕಿನ ಹ್ಯಾಂಡಲ್‌ಗೆ ದನದ ಕೊಂಬು ಕಟ್ಟಿಕೊಂಡ ಮೋರಿ, ಜೊತೆಗೆ ಅಂತಾ, ಇಬ್ಬರ ತಲೆಯಲ್ಲೂ ಪ್ಯಾರಿಸ್. ಕಥೆ ನೇರವಾಗಿ ಸಾಗುವುದಿಲ್ಲ, ನಾಲ್ಕು ವಾರ ಕಣ್ಣು ಪಳಗಿದ ಮೇಲೆ ರುಚಿಸುತ್ತದೆ. ಆರಂಭದಲ್ಲೇ ಕಸಾಯಿಖಾನೆಯ ನಿಜವಾದ ದೃಶ್ಯವಿದೆ. ಪೋಸ್ಟರ್‌ನಲ್ಲೂ ಬಾಗಿಲಲ್ಲೂ ಅದನ್ನು ಬರೆದು ಹಾಕಿ. ಬೇಡವೆನ್ನುವವರು ಆ ದೃಶ್ಯ ಮುಗಿಯುವವರೆಗೆ ಹೊರಗಿದ್ದು ಬರಲಿ, ಆ ಹೊತ್ತಿಗೆ ಬಾಗಿಲ ಹತ್ತಿರ ಟಾರ್ಚ್ ಹಿಡಿದು ಒಬ್ಬರು ನಿಂತಿರಲಿ.