ಪೆನ್ನು ಮೇಲೆದ್ದಾಗ ಅಂಗೈ ಏನು ಮಾಡುತ್ತೆ?

ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ಪೇಟೆಂಟ್ ಕೆಲಸ ಮಾಡುವ ನನ್ನ ಮೇಜಿಗೆ ಸ್ಟೈಲಸ್ (ತೆರೆಯ ಮೇಲೆ ಬರೆಯುವ ಪೆನ್ನು) ಫೈಲು ಬರುವುದು ಅಪರೂಪ. ಹೀಗೊಂದು ಬಂತು (ಕಕ್ಷಿದಾರರ ಗುಟ್ಟು ಕಾಯಬೇಕಲ್ಲ, ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ): ಟ್ಯಾಬ್ಲೆಟ್ ಮೇಲೆ ಕನ್ನಡ ಬರೆಯುವಾಗ ಅಂಗೈ ತಗುಲಿ ಅಡ್ಡಾದಿಡ್ಡಿ ಗೀಟು ಬೀಳದಂತೆ ತಡೆಯುವ ಉಪಾಯ.

ಹೊಸದು ಹೌದೋ ಅಲ್ಲವೋ ಅನ್ನುವುದು ಹುಡುಕಾಟದಲ್ಲಿ ತಿಳಿಯುತ್ತೆ. ತಲೆನೋವು ಅದರ ಮುಂದಿನದು. 1970ರ ಪೇಟೆಂಟ್ ಕಾಯ್ದೆಯ 2(1)(ಜೆಎ) ಪ್ರಕಾರ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಇದ್ದರಷ್ಟೇ ಸಾಲದು, ಆ ಕೆಲಸದಲ್ಲಿ ಪಳಗಿದವನಿಗೆ ಅದು ಸಲೀಸಾಗಿ ಹೊಳೆಯುವಂತಿರಲೂಬಾರದು. ಪೆನ್ನಿನ ವಿಷಯದಲ್ಲಂತೂ ಹಳೆಯ ದಾಖಲೆ ರಾಶಿ ಬಿದ್ದಿದೆ. ಕೈಬರಹವನ್ನು ತಂತಿಯಲ್ಲಿ ಕಳಿಸುವ ಎಲಿಷಾ ಗ್ರೇ ಅವರ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು 1888ರಲ್ಲಿ; ರ‍್ಯಾಂಡ್ ಟ್ಯಾಬ್ಲೆಟ್ (ಪೆನ್ನಿನಿಂದ ಬರೆದದ್ದನ್ನು ಕಂಪ್ಯೂಟರಿಗೆ ತಲುಪಿಸುವ ಹಲಗೆ) 1964ರದ್ದು. ಅಂಗೈಯಗಲದ ಕಂಪ್ಯೂಟರ್ ಪಾಮ್ ಪೈಲಟ್‌ನ ಗ್ರಾಫಿಟಿ ಎಂಬ ಬರೆಯುವ ವಿಧಾನದ ಮೇಲೆ ಜೆರಾಕ್ಸ್ ಹೂಡಿದ ದಾವೆಯಲ್ಲಿ 2004ರಲ್ಲಿ ಅಮೆರಿಕದ ಕೆಳ ನ್ಯಾಯಾಲಯ ಜೆರಾಕ್ಸ್ ಪೇಟೆಂಟನ್ನೇ ಅಸಿಂಧು ಎಂದಿತು, ಆದರೂ 2006ರಲ್ಲಿ ಪಾಮ್ 2.25 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಇದು ಅಷ್ಟು ಜಾರುವ ನೆಲ.

ಉತ್ತರ ಗೊತ್ತಾದ ಮೇಲೆ ಯಾವ ಒಗಟಾದರೂ ಸುಲಭವೇ. ಹಾಗಾಗಿ ನಾನು ಸಂಶೋಧಕರಿಂದ ಮೊದಲು ಬರೀ ಸಮಸ್ಯೆಯ ಪುಟ ತರಿಸಿಕೊಳ್ಳುತ್ತೇನೆ. ಒಬ್ಬ ಸಾಮಾನ್ಯ ಎಂಜಿನಿಯರ್ ಏನೇನು ಮಾಡುತ್ತಿದ್ದ ಅಂತ ಬರೆದು, ತಾರೀಖು ಹಾಕಿ, ಆಮೇಲೆ ಕ್ಲೇಮು (ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಬರೆಯುವ ಅಂಶ) ಓದುತ್ತೇನೆ. ಈ ಸಲ ಬರೆದದ್ದು: ಪೆನ್ನು ಹತ್ತಿರವಿದ್ದಾಗ ಸ್ಪರ್ಶ ಕಡೆಗಣಿಸು, ದೊಡ್ಡ ಅಚ್ಚು ಬಿದ್ದರೆ ಅಂಗೈ ಅಂದುಕೋ, ಪೆನ್ನು ಎತ್ತಿದ ಮೇಲೂ ಸ್ವಲ್ಪ ಹೊತ್ತು ಕಾಯಿ. ಮೊದಲ ಕ್ಲೇಮಿನಲ್ಲಿ ಇದ್ದದ್ದು ಈ ಮೂರೇ. ಕಾಯುವ ಹೊತ್ತನ್ನು ಹೆಚ್ಚುಕಮ್ಮಿ ಮಾಡಿದ್ದು ಆವಿಷ್ಕಾರ ಅಲ್ಲ, ದಿನನಿತ್ಯದ ಕೆಲಸ.

ಐದನೆಯ ಕ್ಲೇಮು ಬೇರೆ. ‘ಸ್ತ್ರೀ’ ಬರೆದು ನೋಡಿ: ಮೇಲಿನ ಅಕ್ಷರ ಮುಗಿಸಿ ಒತ್ತಿಗೆ ಇಳಿಯುವಾಗ ಪೆನ್ನು ಗಾಳಿಯಲ್ಲಿರುತ್ತೆ, ಅಂಗೈ ಕೆಳಕ್ಕೆ ಜರುಗುತ್ತೆ. ಡಿಜಿಟೈಜರ್‌ಗೆ (ಪೆನ್ನು ಎಲ್ಲಿದೆ ಎಂದು ಗುರುತಿಸುವ ಪದರ) ಪೆನ್ನು ಕಾಣದಷ್ಟು ಎತ್ತಿದಿರೋ, ಅಂಗೈಯ ಗೀಟು ಬಿತ್ತು. ಅಕ್ಷರ ಪೂರ್ತಿಯಾಗಿದೆಯೋ ಇಲ್ಲವೋ ಎಂಬ ಊಹೆಯ ಮೇಲೆ ಸ್ಪರ್ಶವನ್ನು ತಡೆಹಿಡಿಯಬೇಕು ಎಂಬುದು ಅವರ ಉಪಾಯ. ಬರಹ ಗುರುತಿಸುವ ದಾಖಲೆಗಳು ಒಂದು ಕಡೆ, ಅಂಗೈ ತಡೆಯುವವು ಇನ್ನೊಂದು ಕಡೆ; ಒಂದರ ಫಲವನ್ನು ಇನ್ನೊಂದಕ್ಕೆ ಉಣಿಸು ಎಂಬ ಸುಳಿವು ನಾನು ಹುಡುಕಿದ ಯಾವುದರಲ್ಲೂ ಇರಲಿಲ್ಲ. ಎರಡೂ ಇದ್ದವು ಎಂದಮಾತ್ರಕ್ಕೆ ಜೋಡಿಸುವುದು ಸಹಜ ಎನ್ನಲಾಗದು, ಜೋಡಿಸಲು ಕಾರಣವೂ ಬೇಕು.

ಮೊದಲ ಕ್ಲೇಮು ಕೈಬಿಟ್ಟು ಐದನೆಯದನ್ನೇ ಮುಂದಿಡಿ ಅಂದೆ. ವ್ಯಾಪ್ತಿ ಕಿರಿದಾಯಿತೆಂದು ಅವರು ಮುಖ ಸಿಂಡರಿಸಿದರು. ಬರೀ ಸಾಫ್ಟ್‌ವೇರ್ ಅನ್ನಿಸಿಕೊಂಡು ಅಂಥದ್ದಕ್ಕೆ ಪೇಟೆಂಟ್ ಕೊಡದ 3(ಕೆ) ಕಲಮಿಗೆ ಸಿಕ್ಕಿಬೀಳಬಾರದಲ್ಲ, ಅದಕ್ಕೆ ಡಿಜಿಟೈಜರ್, ಸ್ಪರ್ಶ ಪದರ ಎರಡನ್ನೂ ಕ್ಲೇಮಿನೊಳಗೇ ಹೆಣೆದು ಅರ್ಜಿ ಹಾಕಿದೆವು.