ಮುಂಬಯಿಯಲ್ಲಿ ವಿಚ್ಛೇದನದ ಅರ್ಜಿ: ಕ್ರೌರ್ಯ, ಪರಿತ್ಯಾಗ, ಮಗುವಿನ ಪಾಲನೆ, ಜೀವನಾಂಶ

ಊರಿನಲ್ಲಿ ಮದುವೆಯಾಗಿ ಮುಂಬಯಿಗೆ ಬಂದು, ಪತಿಯ ಹಿಂಸೆಯಿಂದಲೋ ಅವರು ಬಿಟ್ಟುಹೋದದ್ದರಿಂದಲೋ ಮಗುವಿನೊಂದಿಗೆ ಒಂಟಿಯಾಗಿ ಉಳಿದಿರುವ ಸಹೋದರಿಯರು, ವಕೀಲರನ್ನು ಕಾಣುವ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖುಗಳನ್ನು ಬರೆದಿಡಬೇಕು. ಇಂಥ ದಾವೆಗಳು ನಿಲ್ಲುವುದೂ ಬೀಳುವುದೂ ತಾರೀಖುಗಳ ಮೇಲೆಯೇ. ‘ದಿನಾ ಹಿಂಸೆ ಕೊಡುತ್ತಿದ್ದರು’ ಎಂಬ ಮಾತು ಎಷ್ಟೇ ನಿಜವಾಗಿದ್ದರೂ, ಯಾವ ದಿನ, ಎಲ್ಲಿ, ಯಾರ ಎದುರಿನಲ್ಲಿ, ಅನಂತರ ಯಾವ ವೈದ್ಯರಲ್ಲಿಗೆ ಹೋದಿರಿ ಎಂಬುದಿಲ್ಲದೆ ಅದಕ್ಕೆ ತೂಕ ಬರುವುದಿಲ್ಲ. ನಾನು ಜೊತೆಗೆ ಹೋಗಿದ್ದ ಒಬ್ಬ ತಾಯಿ, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ‘ಇವರು ಬಟ್ಟೆ ತಗೊಂಡು ಹೋದರು’ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡಿದ್ದರು. ಅವರ ಅರ್ಜಿಯ ಅತ್ಯಂತ ಗಟ್ಟಿಯಾದ ಸಾಲು ಹುಟ್ಟಿದ್ದು ಆ ಗುರುತಿನಿಂದ.

1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮಿನಲ್ಲಿ ಕ್ರೌರ್ಯ ಮತ್ತು ಪರಿತ್ಯಾಗ ಪ್ರತ್ಯೇಕ ಕಾರಣಗಳಾಗಿವೆ. ಪರಿತ್ಯಾಗಕ್ಕೆ, ಅರ್ಜಿ ಹಾಕುವ ದಿನಕ್ಕೆ ನೇರ ಹಿಂದಿನ ಎರಡು ವರ್ಷ ಎಡೆಬಿಡದೆ ಸಂಗಾತಿ ಬಿಟ್ಟುಹೋಗಿರಬೇಕು. ಕೆಲಸದ ನಿಮಿತ್ತ ದೂರವಿರುವುದು ಪರಿತ್ಯಾಗವಲ್ಲ, ಸಂಸಾರವನ್ನೇ ಕಡಿದುಕೊಳ್ಳುವ ಉದ್ದೇಶವೂ ಇರಬೇಕು. ಹೊಡೆತ ತಾಳಲಾರದೆ ನೀವೇ ತವರಿಗೆ ಹೋಗಿದ್ದರೆ ‘ಬಿಟ್ಟುಹೋದವಳು ಅವಳೇ’ ಎಂಬ ಎದುರುವಾದಕ್ಕೆ ಅಂಜಬೇಕಾಗಿಲ್ಲ, ಏಕೆಂದರೆ ಮನೆಯಲ್ಲಿ ಇರಲಾಗದಂತೆ ಮಾಡಿದವರನ್ನೇ ಕಾನೂನು ಪರಿತ್ಯಾಗಿ ಎಂದು ಎಣಿಸಬಲ್ಲದು. ಎರಡು ವರ್ಷ ತುಂಬದಿದ್ದರೆ ಕ್ರೌರ್ಯವೊಂದರ ಮೇಲೆಯೇ ಅರ್ಜಿ ಹಾಕಬಹುದು. ಕ್ರೌರ್ಯವನ್ನು ಕ್ಷಮಿಸಿ ಮತ್ತೆ ಕೂಡಿ ಬಾಳಿದ್ದರೆ ಆ ಸಂಗತಿಯನ್ನು ಮುಚ್ಚಿಡಬಾರದು: ಪುಣೆಯ ದಾಸ್ತಾನೆ ದಂಪತಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ, ಕ್ರೌರ್ಯ ನಡೆದದ್ದು ಹೌದಾದರೂ ಅದು ಕ್ಷಮಿಸಲ್ಪಟ್ಟಿದೆ ಎಂದು ನ್ಯಾಯಿಕ ಪ್ರತ್ಯೇಕವಾಸವನ್ನು (ಮದುವೆ ಮುರಿಯದೆ ಬೇರೆ ಬೇರೆ ಇರಲು ಕೋರ್ಟು ಕೊಡುವ ಅನುಮತಿ) ನಿರಾಕರಿಸಿತು. ಕ್ಷಮೆಯ ನಂತರ ಹಿಂಸೆ ಮರುಕಳಿಸಿದ್ದರೆ ಹಳೆಯದಕ್ಕೂ ಜೀವ ಬರುತ್ತದೆ. ಆದ್ದರಿಂದ ರಾಜಿಯ ತಾರೀಖು, ಅದರ ನಂತರದ ಮೊದಲ ಘಟನೆಯ ತಾರೀಖು ಎರಡನ್ನೂ ಬರೆದುಕೊಳ್ಳಿ.

ಮದುವೆ ಉಡುಪಿಯಲ್ಲೋ ಕಲಬುರಗಿಯಲ್ಲೋ ನಡೆದಿದ್ದರೂ, ಪತ್ನಿಯೇ ಅರ್ಜಿದಾರಳಾದರೆ ತಾನು ಈಗ ವಾಸಿಸುವ ಸ್ಥಳದಲ್ಲಿಯೇ ಅರ್ಜಿ ಹಾಕಬಹುದು. ಮುಂಬಯಿಯ ಕೌಟುಂಬಿಕ ನ್ಯಾಯಾಲಯ ಬಾಂದ್ರಾ ಪೂರ್ವದಲ್ಲಿದೆ. ಮುಲುಂಡಿನವರು ಅಲ್ಲಿಗೆ ಹೋಗಬೇಕು. ಡೊಂಬಿವಲಿಯವರು ಹೋಗುವಂತಿಲ್ಲ, ಅದು ಠಾಣೆ ಜಿಲ್ಲೆ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ. ಇದನ್ನು ತಿಳಿಯದೆ ಒಡವೆ ಅಡವಿಟ್ಟವರನ್ನು ಕಂಡು ಮನಸ್ಸು ನೊಂದಿದೆ. ಕನ್ನಡದ ಪತ್ರಗಳಿಗೂ ವಾಟ್ಸ್‌ಆ್ಯಪ್ ಸಂದೇಶಗಳಿಗೂ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಮಾಡಿಸಿಡಿ, ಮತ್ತು ಸಂದೇಶಗಳಿರುವ ಮೊಬೈಲನ್ನು ಮಾರಬೇಡಿ.

ಜೀವನಾಂಶದ ಅರ್ಜಿಯನ್ನು ವಿಚ್ಛೇದನದ ಅರ್ಜಿಯ ಜೊತೆಗೇ ಹಾಕಬೇಕೆಂಬುದು ನನ್ನ ಒತ್ತಾಯದ ಸಲಹೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕೆಂದು 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ದರಿಂದ ‘ಮೊದಲು ಕೇಸು ಒಂದು ಹಂತಕ್ಕೆ ಬರಲಿ’ ಎಂದು ಕಾಯುವ ಪ್ರತಿ ತಿಂಗಳೂ ನಷ್ಟವೇ. ಅದೇ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಬೇಕು. ಮಗುವಿನ ಶಾಲೆಯ ಶುಲ್ಕ, ಮನೆಬಾಡಿಗೆ, ಔಷಧಿ, ದಿನಸಿಯ ರಸೀದಿಗಳನ್ನು ತಿಂಗಳುವಾರು ಜೋಡಿಸಿ. ನಿಮ್ಮ ಸಂಪಾದನೆಯನ್ನು ಒಂದು ರೂಪಾಯಿಯನ್ನೂ ಬಿಡದೆ ತೋರಿಸಿ, ಏಕೆಂದರೆ ಮುಚ್ಚಿಟ್ಟದ್ದು ಬೆಳಕಿಗೆ ಬಂದರೆ ನಿಮ್ಮ ಉಳಿದ ಮಾತುಗಳನ್ನೂ ನ್ಯಾಯಾಲಯ ಸಂಶಯದಿಂದ ನೋಡುತ್ತದೆ.

ಮಗುವಿನ ವಿಷಯದಲ್ಲಿ ಕೋರ್ಟು ನೋಡುವುದು ಮಗುವಿನ ಹಿತವನ್ನು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ದೊಡ್ಡ ಮಗುವಾದರೆ ನ್ಯಾಯಾಧೀಶರು ಅದರ ಇಷ್ಟವನ್ನೂ ಕೇಳಬಹುದು. ಹಾಗೆ ಕೇಳುವರೆಂದು ಮಗುವಿಗೆ ಮಾತು ಕಲಿಸಲು ಹೋಗಬೇಡಿ, ಅದು ಮಗುವಿಗೆ ಭಾರ. ಹಿಂಸೆಯ ಭಯವಿಲ್ಲದಿದ್ದರೆ ತಂದೆಯ ಭೇಟಿಗೆ ವಾರದ ದಿನ, ವೇಳೆ, ಸ್ಥಳಗಳನ್ನು ನೀವೇ ಸೂಚಿಸುವುದು ಒಳ್ಳೆಯದು. ಭಯವಿದ್ದರೆ ಅದಕ್ಕೆ ಕಾರಣವಾದ ಘಟನೆಗಳನ್ನು ತಾರೀಖಿನೊಂದಿಗೆ ತಿಳಿಸಿ, ಮೇಲ್ವಿಚಾರಣೆಯಲ್ಲಿ ಭೇಟಿಯಾಗಲಿ ಎಂದು ಕೇಳಿ. ಆದೇಶವಾದ ಮೇಲೂ ಪರಿಸ್ಥಿತಿ ಬದಲಾದರೆ ಮಾರ್ಪಾಡು ಕೇಳಲು ಅವಕಾಶವಿದೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಕಾನೂನು) 144ನೆಯ ಕಲಮಿನಡಿ ಆದೇಶವಾದ ಜೀವನಾಂಶ ಬಾಕಿ ಉಳಿದರೆ, ವಸೂಲಿಯ ವಾರಂಟಿಗಾಗಿ ಆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಪ್ಪಿದ ಕಂತಿನ ತಾರೀಖನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದು, ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಮುದ್ರಿಸಿಕೊಂಡು ಬನ್ನಿ.